ವಾಗೀಶಪ್ಪನವರ ಬಾಯಿ, ಕಡಕೊಳದ ಹಿಂಬಾಗಿಲು

ಸರಸ್ವತಿಪುರಂನ ಆ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಹುಳಿ ಅಂತ ಹತ್ತು ಗಂಟೆಯೊಳಗೆ ಎಲ್ಲರಿಗೂ ಗೊತ್ತಾಗುತ್ತೆ. ವಾಗೀಶಪ್ಪನವರನ್ನು ಕೇಳಿ ನೋಡಿ, ತಾವೇ ಉಂಡು ಕೈ ತೊಳೆದ ಹುಳಿ ಯಾವುದು ಅಂತ ಹೇಳೋಕೂ ಒಂದು ಗಳಿಗೆ ಯೋಚನೆ ಮಾಡ್ತಾರೆ. ವಾಗೀಶ ಅಂದರೆ ಮಾತಿಗೆ ಒಡೆಯ ಅಂತೆ. ಒಡೆಯ ಅನ್ನೋದು ನಿಜ. ಅಪ್ಪಣೆ ಇಲ್ಲದೆ ಒಂದು ಮಾತೂ ಹೊಸಿಲು ದಾಟೋ ಹಾಗಿಲ್ಲ.

ಆ ಮನೆಗೆ ನಾನು ಕೆಲಸಕ್ಕೆ ಹೋಗೋಕೆ ಶುರು ಮಾಡಿ ಮೂವತ್ತೆರಡು ವರ್ಷ ಆಯ್ತು. ಮೊದಲು ಬರೀ ಪಾತ್ರೆ, ಆಮೇಲೆ ಪಾತ್ರೆ ಜೊತೆಗೆ ತರಕಾರಿ, ಈಗ ಮಂಡಿ ಕೈಕೊಟ್ಟ ಮೇಲೆ ತರಕಾರಿ ಹೆಚ್ಚೋದು ಮತ್ತೆ ಅವರ ಹೆಂಡತಿ ರಮಾಮಣಮ್ಮನವರ ಮಾತು ಕೇಳೋದು. ಎರಡನೇ ಕೆಲಸವೇ ಜಾಸ್ತಿ. ಗಂಡ ಆಡದೆ ಉಳಿಸಿದ ಮಾತನ್ನೆಲ್ಲ ಆಯಮ್ಮ ಒಬ್ಬರೇ ಖರ್ಚು ಮಾಡಬೇಕಲ್ಲ.

ಇದನ್ನ ಬರೀಲಾ ಅಂತ ವಾಗೀಶಪ್ಪನವರನ್ನ ಕೇಳಿದೆ. "ಬರೀರಿ ದೇವೀರಮ್ಮ. ನನ್ನನ್ನ ಮಾತ್ರ ಏನೂ ಕೇಳಬೇಡಿ," ಅಂದ್ರು. ಅಲ್ಲಿಗೆ ಆಯ್ತು. ಇದರಲ್ಲಿ ಇರೋದೆಲ್ಲ ನಾನು ಕಣ್ಣಾರೆ ಕಂಡದ್ದು, ಇಲ್ಲಾ ಕಿಟಕಿಯಿಂದ ಕಿವಿಗೆ ಬಿದ್ದದ್ದು.

ಬಾಯಿ ಬಿಗಿ ಹಿಡಿಯೋದು ಆ ಮನೆತನಕ್ಕೆ ಬಂದ ಆಸ್ತಿ. ಜಮೀನು ಉಳೀಲಿಲ್ಲ, ಬೆಳ್ಳಿ ಉಳೀಲಿಲ್ಲ, ಅದೊಂದು ಉಳೀತು. ತಾತ ಅರಮನೆ ಉಗ್ರಾಣದ ಬೀಗದ ಕೈ ಇಟ್ಟುಕೊಂಡಿದ್ದವರು. ಅರಮನೆಯಲ್ಲಿ ಎಷ್ಟು ದೀಪ ಇದೆ ಸ್ವಾಮಿ ಅಂತ ಯಾರಾದರೂ ಕೇಳಿದರೆ "ಹಚ್ಚಿದಾಗ ಬಂದು ಎಣಿಸ್ಕೋ" ಅಂತಿದ್ದರಂತೆ. ಅಪ್ಪ ನಂಜುಂಡಯ್ಯನವರು ಮೇಷ್ಟ್ರು. ಪರೀಕ್ಷೆಗೆ ಪ್ರಶ್ನೆಪತ್ರಿಕೆ ಬರೆಯೋ ತಿಂಗಳು ಸ್ವಂತ ಮಗನ ಜೊತೆ ಮಾತೇ ಆಡ್ತಿರಲಿಲ್ಲ, ಬಾಯಿತಪ್ಪಿ ಏನಾದರೂ ಬಿದ್ದುಹೋದೀತು ಅಂತ. ಮಗ ಆ ವಿಷಯದಲ್ಲೇ ಫೇಲಾದ. ಅಪ್ಪನಿಗೆ ಬೇಜಾರಾಗಲಿಲ್ಲ, ಹೆಮ್ಮೆ ಆಯ್ತು ಅಂತ ನಮ್ಮತ್ತೆ ಹೇಳ್ತಿದ್ದಳು. ಆಗ ಆ ಮನೆ ಕಸಮುಸುರೆ ನಮ್ಮತ್ತೆಯದು.

ವಾಗೀಶಪ್ಪನವರಿಗೆ ಸಿಕ್ಕಿದ ಕೆಲಸವೂ ಬಾಯಿಗೆ ತಕ್ಕದ್ದೇ. ಇಂಟರ್ನಲ್ ಆಡಿಟರ್. ಹಾಗಂದರೇನು ಅಂತ ಅರ್ಥ ಮಾಡ್ಕೊಳ್ಳೋಕೆ ನನಗೆ ಹತ್ತು ವರ್ಷ ಹಿಡೀತು. ಕಂಪನಿಯವರೇ ಸಂಬಳ ಕೊಟ್ಟು ಒಬ್ಬರನ್ನ ಇಟ್ಕೊಳ್ತಾರೆ, ನಮ್ಮಲ್ಲಿರೋ ಹುಳುಕು ಹುಡುಕಪ್ಪಾ ಅಂತ. ಹುಡುಕಿದ್ದನ್ನ ಕಂಪನಿಯ ಮೇಲಿನವರಿಗೆ ಹೇಳಬೇಕು, ಇನ್ಯಾರಿಗೂ ಹೇಳಬಾರದು. ನಮ್ಮ ಮನೆಯಲ್ಲಿ ಈ ಕೆಲಸ ನಮ್ಮತ್ತೆ ಬಿಟ್ಟಿ ಮಾಡ್ತಿದ್ದಳು. ಇನ್ಯಾರಿಗೂ ಹೇಳಬಾರದು ಅನ್ನೋ ಕಟ್ಟಳೆ ಒಂದು ಇರಲಿಲ್ಲ.

ಹೆಣ್ಣು ನೋಡೋಕೆ ಹೋದಾಗ ರಮಾಮಣಮ್ಮನವರ ಅಪ್ಪ ಕೇಳಿದರಂತೆ, ಆಫೀಸಲ್ಲಿ ಏನು ಕೆಲಸ ಅಂತ.

"ನೋಡ್ತೀನಿ," ಅಂದರಂತೆ ಇವರು.

"ಆಮೇಲೆ?"

"ಬರೀತೀನಿ."

"ಆಮೇಲೆ?"

"ಕೊಟ್ಟುಬಿಡ್ತೀನಿ."

ಹುಡುಗ ಗುಪ್ತಚರ ಪೊಲೀಸು ಅಂತ ತಿಳಕೊಂಡು ಅವರಪ್ಪ ಮರುದಿನವೇ ಒಪ್ಪಿಗೆ ಕಳಿಸಿದರಂತೆ. "ಪೊಲೀಸಾಗಿದ್ರೂ ವಾಸಿ ಇತ್ತು ದೇವೀರಮ್ಮ," ಅಂತಾರೆ ರಮಾಮಣಮ್ಮ. "ಅವರು ಹೊಡೆದಾದ್ರೂ ಬೇರೆಯವರ ಬಾಯಿ ಬಿಡಿಸ್ತಾರೆ. ಇವರ ಬಾಯಿ ಬಿಡಿಸೋರು ಯಾರು?"

ಅವರ ಕಂಪನಿ ಮಾಡೋದು ತಿನ್ನೋ ಸಾಮಾನು. ಕಾರದಪುಡಿ, ಸಾಂಬಾರ್ ಪುಡಿ, ಕಾರದ ಮಿಕ್ಸ್ಚರ್. ಹೆಸರು ಬೇಡ. ಒಂದು ಸಲ ಏನಾಯ್ತು ಅಂದರೆ, ಸಂಜೆ ಕಾಫಿ ಜೊತೆ ರಮಾಮಣಮ್ಮ ಅದೇ ಕಂಪನಿ ಮಿಕ್ಸ್ಚರ್ ತಟ್ಟೆಗೆ ಹಾಕಿಕೊಟ್ಟರು. ವಾಗೀಶಪ್ಪನವರು ತಟ್ಟೆ ಪಕ್ಕಕ್ಕೆ ತಳ್ಳಿದರು. ಯಾಕೆ ಅಂದರೆ "ಬೇಡ" ಅಂದರು, ಅಷ್ಟೇ. ಮೊನ್ನೆ ತಾನೆ ಮಿಕ್ಸ್ಚರ್ ಫ್ಯಾಕ್ಟರಿಗೆ ಹೋಗಿ ಬಂದಿದ್ದಾರೆ, ಇವತ್ತು ಮಿಕ್ಸ್ಚರ್ ಬೇಡ ಅಂತಾರೆ. ರಮಾಮಣಮ್ಮ ಪಕ್ಕದ ಮನೆಗೆ ಹೇಳಿದರು, ನಾನು ಇನ್ನೆರಡು ಮನೆಗೆ ಹೇಳಿದೆ, ಆರು ತಿಂಗಳು ಇಡೀ ಬೀದಿ ಮಿಕ್ಸ್ಚರ್ ಮುಟ್ಟಲಿಲ್ಲ. ಮೂಲೆ ಅಂಗಡಿಯವನು ಪೊಟ್ಟಣಗಳನ್ನ ವಾಪಸ್ ಕಳಿಸಿದ. ಆಮೇಲೆ ಯಾವತ್ತೋ ಹಲ್ಲಿನ ಡಾಕ್ಟರ ಬಿಲ್ಲು ಸಿಕ್ಕಿದಾಗ ಗೊತ್ತಾಯ್ತು, ಆವತ್ತು ಮನುಷ್ಯನಿಗೆ ಹಲ್ಲುನೋವು.

"ಹಲ್ಲು ನೋಯುತ್ತೆ ಅನ್ನೋದೂ ಕಂಪನಿ ಗುಟ್ಟೇನ್ರೀ?" ಅಂತ ಆಯಮ್ಮ ಕೇಳಿದರೆ, "ನೀನು ಹಲ್ಲಿನ ವಿಷಯ ಕೇಳಲೇ ಇಲ್ವಲ್ಲ," ಅಂದರು.

ಇಂಥಾ ಮನುಷ್ಯನನ್ನ ಹಿಡಿದುಕೊಟ್ಟಿದ್ದು ದಸರಾ ಗೊಂಬೆಗಳು.

ಮೂರು ವರ್ಷದ ಹಿಂದಿನ ಮಾತು. ದಸರಾ ಹತ್ತಿರ ಬಂದಿತ್ತು. ವಾಗೀಶಪ್ಪನವರು ಬಸ್ಸಿಳಿಯುವಾಗ ಕಾಲು ಉಳುಕಿಸಿಕೊಂಡು ಮನೇಲಿ ಕೂತರು. ಮನೇಲೇ ಕೂತು ಬರೀರಿ ಅಂತ ಆಫೀಸಿನವರು ಹೇಳಿದರಂತೆ. ಸಣ್ಣ ಪ್ರಿಂಟರ್ ಒಂದಿತ್ತು. ಅದರಲ್ಲಿ ಹತ್ತೊಂಬತ್ತು ಹಾಳೆ ತೆಗೆದು, ಕೆಂಪು ಪೆನ್ನಲ್ಲಿ ಗೀಚಿ ತಿದ್ದಿ, ಮೇಜಿನ ಮೇಲೆ ಇಟ್ಟಿದ್ದರು. ಕಡಕೊಳದ ಕಾರದಪುಡಿ ಫ್ಯಾಕ್ಟರಿ ವರದಿಯ ಕರಡು ಅದು. ಆವಾಗ ನನಗೆ ಅದು ಗೊತ್ತಿಲ್ಲ. ಮುಟ್ಟಬಾರದ ಹಾಳೆ ಅಂತಷ್ಟೇ ಗೊತ್ತು, ಯಾಕಂದ್ರೆ ಆ ಮೇಜಿನ ಮೇಲಿನ ಎಲ್ಲಾ ಹಾಳೆಯೂ ಮುಟ್ಟಬಾರದ ಹಾಳೆಯೇ.

ವಿಜಯದಶಮಿ ಕಳೀತು. ಗೊಂಬೆಗಳನ್ನ ಮೆಟ್ಟಿಲಿಂದ ಇಳಿಸಿ, ಕಾಗದ ಸುತ್ತಿ, ತಗಡಿನ ಪೆಟ್ಟಿಗೇಲಿ ಮಲಗಿಸಿ, ಅಟ್ಟಕ್ಕೆ ಏರಿಸೋ ದಿನ. ಪ್ರತಿ ವರ್ಷ ಹಳೇ ಪೇಪರು ರಾಶಿ ಇರೋದು. ಆ ವರ್ಷ ವಾಗೀಶಪ್ಪನವರು ಸುದ್ದಿಯೆಲ್ಲ ಫೋನಲ್ಲೇ ಬರುತ್ತೆ ಅಂತ ಪೇಪರು ನಿಲ್ಲಿಸಿದ್ದರು.

"ಫೋನಲ್ಲಿ ಗೊಂಬೆ ಸುತ್ತೋಕಾಗುತ್ತಾ?" ಅಂತ ಗೊಣಗಿಕೊಂಡು ರಮಾಮಣಮ್ಮ ಮನೆಯೆಲ್ಲ ಕಾಗದ ಹುಡುಕಿದರು. ಯಜಮಾನರು ಊಟ ಮಾಡಿ ಮಲಗಿದ್ದರು. ಆಯಮ್ಮ ಮೇಜಿನ ಮೇಲಿನ ಕಟ್ಟು ತಂದು ನನ್ನ ಮುಂದೆ ಹಾಕಿದರು.

"ಮುಟ್ಟಬಾರದಲ್ವಾ ಅಮ್ಮಾವ್ರೇ?" ಅಂದೆ.

"ನೋಡಿ ಇಲ್ಲಿ, ಎಷ್ಟು ಕೆಂಪು ಗೀಟು. ನಮ್ಮ ಮಾವನವರ ಕಾಲದಿಂದ ಈ ಮನೇಲಿ ಕೆಂಪು ಗೀಟು ಬಿದ್ದ ಹಾಳೆ ಅಂದ್ರೆ ರದ್ದಿ."

ನಂಜುಂಡಯ್ಯನವರು ತಿದ್ದಿದ ಉತ್ತರಪತ್ರಿಕೆಗಳಲ್ಲೇ ಆ ಗೊಂಬೆಗಳು ಮೂವತ್ತು ವರ್ಷ ಮಲಗಿದ್ದವು, ನಿಜ. ಹಾಗಾಗಿ ನಾನೇ ಕೈಯಾರೆ ಸುತ್ತಿದೆ. ಪಟ್ಟದ ಗೊಂಬೆ ರಾಜನಿಗೆ ಎರಡು ಹಾಳೆ, ಮೂಗು ಮುರಿದ ರಾಣಿಗೆ ಎರಡು, ಅಕ್ಕಿಬೇಳೆ ಮುಂದಿಟ್ಟುಕೊಂಡು ಕೂರೋ ಶೆಟ್ಟಿಯ ಹೊಟ್ಟೆಗೆ ಒಂದೇ ಹಾಳೆ ಸಾಲದೆ ಮೂರು. ಶೆಟ್ಟಿತಿ ತೆಳ್ಳಗಿದ್ದಾಳೆ, ಒಂದೇ ಸಾಕಾಯ್ತು.

ವಾಗೀಶಪ್ಪನವರು ಎರಡು ದಿನ ಮೇಜಿನ ಸುತ್ತ ಕುಂಟಿಕೊಂಡು ಹುಡುಕಿದರು. ಏನು ಹುಡುಕ್ತಿದೀರಿ ಅಂದರೆ "ಏನಿಲ್ಲ." ನನ್ನ ಕಾಗದ ನೋಡಿದ್ರಾ ಅಂತ ಒಂದು ಮಾತು ಬಾಯಿ ಬಿಟ್ಟು ಕೇಳಿದ್ದಿದ್ದರೆ ಪೆಟ್ಟಿಗೆ ಇಳಿಸಿ ಕೊಟ್ಟುಬಿಡ್ತಿದ್ದೆವು. ಹೀಗೊಂದು ಕಾಗದ ಇತ್ತು ಅನ್ನೋದೂ ಹೊರಗೆ ಗೊತ್ತಾಗಬಾರದಲ್ಲ. ಮೂರನೇ ದಿನ ಹುಡುಕೋದು ನಿಲ್ಲಿಸಿದರು.

ಇದಾಗಿ ಆರು ತಿಂಗಳಿಗೆ ನನ್ನ ಮೊಮ್ಮಗಳು ವರ್ಷಿಣಿಗೆ ಅದೇ ಕಡಕೊಳದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಪ್ಯಾಕಿಂಗ್ ರೂಮು, ಮಧ್ಯಾಹ್ನ ಎರಡರಿಂದ ಶಿಫ್ಟು. ವಾಗೀಶಪ್ಪನವರಿಗೆ ಹೇಳಿದೆ. "ಸಂತೋಷ," ಅಂದರು. ಬೇರೆ ಏನೂ ಹೇಳಲಿಲ್ಲ. ಹುಡುಗಿ ಮನೆಗೆ ಬಂದರೆ ಬೀದಿ ಬಾಗಿಲಲ್ಲೇ ಗೊತ್ತಾಗೋದು. ಆ ಘಾಟಿಗೆ ನಮ್ಮ ಮನೆ ಬೆಕ್ಕು ಸೀನೋದು.

ಮರುವರ್ಷ ನವರಾತ್ರಿ ಪಾಡ್ಯ. ಬೆಳಗ್ಗೆ ಗೊಂಬೆ ಪೆಟ್ಟಿಗೆ ಇಳಿಸೋಕೆ ನನ್ನ ಮಂಡಿ ಒಪ್ಪದೆ ವರ್ಷಿಣಿಯನ್ನ ಕರಕೊಂಡು ಹೋದೆ. ಅವಳೇ ಅಟ್ಟ ಹತ್ತಿ ಇಳಿಸಿದಳು, ನಡುಮನೇಲಿ ಚಾಪೆ ಹಾಸಿ ಗೊಂಬೆ ಬಿಚ್ಚೋಕೆ ಕೂತಳು. ರಾಜ ಬಂದ, ರಾಣಿ ಬಂದಳು. ಶೆಟ್ಟಿಯ ಹೊಟ್ಟೆ ಬಿಚ್ಚುವಾಗ ಹುಡುಗಿ ಕೈ ನಿಂತಿತು. ಅವಳು ಬಿಕಾಂ ಓದಿದವಳು, ಇಂಗ್ಲಿಷ್ ಬರುತ್ತೆ.

"ಅಜ್ಜಿ, ಇದು ನಮ್ಮ ಫ್ಯಾಕ್ಟರಿ."

"ಯಾವುದು?"

"ಈ ಕಾಗದ. ಪ್ಯಾಕಿಂಗ್ ರೂಮಿನ ಹಿಂಬಾಗಿಲಿಗೆ ಸರಪಳಿ ಹಾಕಿ ಬೀಗ ಜಡಿದಿದಾರೆ ಅಂತ ಬರ್ದೈತೆ. ಬೀಗದ ಕೈ ಗೇಟಲ್ಲಿರೋ ವಾಚ್‌ಮನ್ ಹತ್ರ. ಬೆಂಕಿ ಗಿಂಕಿ ಬಿದ್ರೆ ಒಳಗಿರೋರು ಮೆಣಸಿನಕಾಯಿ ಹುರಿಯೋ ಒಲೆ ಪಕ್ಕದಲ್ಲೇ ಓಡಿ ಮುಂಬಾಗಿಲಿಗೆ ಹೋಗಬೇಕು ಅಂತ. ಇಲ್ನೋಡಿ, ಪ್ರತಿ ತಿಂಗಳು ಎಲ್ಲಾರನ್ನೂ ಹೊರಗೆ ಓಡಿಸಿ ಅಭ್ಯಾಸ ಮಾಡಿಸ್ತೀವಿ ಅಂತ ರಿಜಿಸ್ಟರಲ್ಲಿ ರುಜು ಹಾಕವ್ರಂತೆ. ಅದರಲ್ಲಿ ಒಂದು ದಿನ ಆಯುಧಪೂಜೆ. ಆವತ್ತು ಫ್ಯಾಕ್ಟರಿಗೇ ರಜಾ. ಯಾರನ್ನ ಓಡಿಸಿದ್ರು, ಕುಂಬಳಕಾಯನ್ನಾ?"

ನಾನು ನಕ್ಕೆ. ಆಮೇಲೆ ಇವಳು ಕೆಲಸ ಮಾಡೋದೂ ಅದೇ ರೂಮಲ್ಲಿ ಅನ್ನೋದು ನೆನಪಾಯ್ತು.

"ಈಗ ಆ ಬಾಗಿಲು?"

"ಈಗಲೂ ಹಂಗೇ ಐತೆ ಅಜ್ಜಿ."

ಅಷ್ಟರಲ್ಲಿ ವಾಗೀಶಪ್ಪನವರು ಸ್ನಾನ ಮುಗಿಸಿ ಒಳಗಿಂದ ಬಂದರು. ಚಾಪೆ ಮೇಲಿನ ಹಾಳೆ ನೋಡಿದರು. ಅವರ ಮುಖ ಹಾಗಾಗಿದ್ದನ್ನ ನಾನು ಅದಕ್ಕೆ ಮುಂಚೆ ಒಂದೇ ಸಲ ಕಂಡಿದ್ದೆ, ಅವರಪ್ಪ ಹೋದ ದಿನ. ಒದ್ದೆ ಪಂಚೆಯಲ್ಲೇ ಚಾಪೆ ಮೇಲೆ ಕೂತು ಹಾಳೆಗಳನ್ನ ಒಟ್ಟು ಮಾಡೋಕೆ ಶುರು ಮಾಡಿದರು.

"ಅಯ್ಯೋ, ಅದು ರದ್ದಿ ಕಣ್ರೀ. ಹೋದ ವರ್ಷ ನಾನೇ ಕೊಟ್ಟೆ," ಅಂದರು ರಮಾಮಣಮ್ಮ.

ಅವರು ಹುಡುಗಿ ಕಡೆ ಕೈ ಚಾಚಿದರು. ವರ್ಷಿಣಿ ಶೆಟ್ಟಿಯ ಹಾಳೆ ಕೊಡಲಿಲ್ಲ, ಇನ್ನೊಂದು ಕೈಯಲ್ಲಿ ಫೋನ್ ತೆಗೆದಳು.

"ಸಾರ್, ಒಂದು ಫೋಟೋ ತಕ್ಕೊಂಡು ಕೊಡ್ತೀನಿ. ನಮ್ಮ ಶಿಫ್ಟಿನವರ ಗ್ರೂಪಿಗೆ ಹಾಕಬೇಕು."

"ಬೇಡಮ್ಮ."

"ನೀವೇ ಬರೆದಿರೋದಲ್ವಾ?"

"ಅದನ್ನ ಹೇಳೋ ಹಾಗಿಲ್ಲ."

"ಸುಳ್ಳಾ ಇದು?"

"ಅದನ್ನೂ ಹೇಳೋ ಹಾಗಿಲ್ಲ."

"ಮತ್ತೆ ಯಾಕೆ ಬೇಡ ಅಂತ ಆದ್ರೂ ಹೇಳಿ ಸಾರ್."

ಅವರು ಉಳಿದ ಹಾಳೆಗಳನ್ನ ಜೋಡಿಸ್ತಾನೇ ಇದ್ದರು. ನನಗೆ ರೇಗಿಹೋಯ್ತು. ಹುಡುಗಿ ಮಧ್ಯಾಹ್ನ ಎರಡಕ್ಕೆ ಆ ರೂಮಿನ ಒಳಗೆ ಹೋಗಬೇಕು, ಈಯಪ್ಪ ತುಟಿ ಹೊಲಿದುಕೊಂಡು ಕೂತವ್ರೆ. ಮೊಮ್ಮಗಳ ಕೈಯಿಂದ ಹಾಳೆ ನಾನೇ ಕಿತ್ತುಕೊಂಡೆ. ಇಂಗ್ಲಿಷಿನ ಕೆಳಗೆ ನಾಲ್ಕು ಸಾಲು ಕನ್ನಡ ಇತ್ತು. ಅದನ್ನ ಓದೋಕೆ ನನಗೆ ಯಾರೂ ಬೇಕಾಗಿಲ್ಲ, ನಿಧಾನ ಅಷ್ಟೇ.

ಯಾರೋ ಹೆಣ್ಣುಮಗಳು ಹೇಳಿದ್ದನ್ನ ಹೇಳಿದ ಹಾಗೇ ಬರೆದಿತ್ತು. "ಒಂದಿನ ಫ್ಯಾನು ಕೆಟ್ಟು ರೂಮೆಲ್ಲ ಮೆಣಸಿನ ಘಾಟು ತುಂಬ್ಕೊಂತು. ಕಣ್ಣು ಬಿಡೋಕಾಗಲ್ಲ, ಉಸಿರಾಡೋಕಾಗಲ್ಲ. ಹಿಂಬಾಗಿಲು ಬಡಿದ್ವಿ. ಟೀ ಕುಡಿಯೋಕೆ ಕಳ್ಳತನದಲ್ಲಿ ಹೋಗ್ತೀರ ಅಂತ ಬೀಗ ಹಾಕಿರೋದು, ತಗಿಯಲ್ಲ ಅಂದ್ರು. ಈ ಮಾತು ನಾನು ಹೇಳ್ದೆ ಅಂತ ಗೊತ್ತಾದ್ರೆ ನಾಳೆಯಿಂದ ನಂಗೆ ಕೆಲಸ ಇರಲ್ಲ ಸಾರ್." ಅದರ ಕೆಳಗೆ ಅವಳ ಹೆಸರು, ಕೆಲಸದ ನಂಬರು.

ಆ ಹೆಸರು ನನಗೆ ಗೊತ್ತಿರೋ ಹೆಸರು. ಗುರುತು ಸಿಗದ ಹಾಗೆ ಒಂಚೂರು ಬದಲಿಸಿ ಹೇಳ್ತೀನಿ, ಉದಯಗಿರಿಯವಳು, ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ವರ್ಷಿಣಿಯ ಪಕ್ಕದಲ್ಲೇ ನಿಂತು ಪೊಟ್ಟಣಕ್ಕೆ ಶಾಖ ಕೊಟ್ಟು ಅಂಟಿಸೋಳು. ಈ ಹಾಳೆಯ ಫೋಟೋ ಶಿಫ್ಟಿನ ಅರವತ್ತು ಜನರ ಫೋನಿಗೆ ಹೋದರೆ ಅದರಲ್ಲಿ ಒಂದು ಮ್ಯಾನೇಜರ ಫೋನಿಗೆ ಹೋಗೋಕೆ ಎಷ್ಟು ಹೊತ್ತು? ಮಿಕ್ಸ್ಚರ್ ವಿಷಯ ಬೀದಿ ತುಂಬೋಕೆ ನನಗೆ ಒಂದು ಬೆಳಗ್ಗೆ ಸಾಕಾಗಿತ್ತು.

ಹಾಳೆ ಮಡಚಿ ವಾಗೀಶಪ್ಪನವರ ಕೈಗೆ ಕೊಟ್ಟೆ.

"ಅಜ್ಜಿ," ಅಂದಳು ಹುಡುಗಿ.

"ಫೋನ್ ಒಳಗಿಡು. ಸಾರ್ ಹೇಳೋಕಾಗದ ಕಾರಣ ನಾನು ಓದ್ದೆ. ನಾನೂ ಹೇಳಲ್ಲ."

ವಾಗೀಶಪ್ಪನವರು ನನ್ನನ್ನ ನೋಡಿದರು. ಮೂವತ್ತು ವರ್ಷದಲ್ಲಿ ಮೊದಲನೇ ಸಲ ಆಯಪ್ಪ ನನ್ನನ್ನ ನೋಡಿದ್ದು ಅಂತ ಅನ್ನಿಸ್ತು. ಆಮೇಲೆ ವರ್ಷಿಣಿ ಕಡೆ ತಿರುಗಿದರು.

"ಆ ಕಾಗದದ ಮಾತು ಬಿಡಮ್ಮ. ನೀನು ಕಣ್ಣಾರೆ ಏನು ನೋಡಿದೀಯ, ಅದನ್ನ ಹೇಳು. ಅದು ನಿನ್ನ ಮಾತು, ಅದನ್ನ ಯಾರಿಗೆ ಬೇಕಾದ್ರೂ ಹೇಳೋಕೆ ನಿನಗೆ ಹಕ್ಕಿದೆ. ಬಾಗಿಲು ಮಧ್ಯೆ ಯಾವತ್ತಾದ್ರೂ ತೆಗೆದಿದ್ರಾ?"

"ಇಲ್ಲ ಸಾರ್. ಹೋದ ಆಯುಧಪೂಜೇಲಿ ಆ ಬೀಗಕ್ಕೂ ಸರಪಳಿಗೂ ಸೇರಿಸಿ ಗಂಧ ಮೆತ್ತಿ ಕುಂಕುಮ ಇಟ್ಟವ್ರೆ. ನಾನು ಸೇರಿದಾಗಿಂದ ನೋಡ್ತಿದೀನಿ, ಅದು ಹಂಗೇ ಒಣಗಿ ಕೂತೈತೆ. ಒಂದ್ಸಲ ತಗ್ದಿದ್ರೂ ಬಿರುಕು ಬಿಡ್ತಿತ್ತು."

ಅವರ ಮುಖದಲ್ಲಿ ಏನೋ ಬಂದು ಹೋಯ್ತು. ನಮ್ಮ ರಾಗಿಮುದ್ದೆ ಒಂಚೂರೂ ಗಂಟಿಲ್ಲದೆ ಬಂದಾಗ ನನಗೆ ಹಾಗಾಗುತ್ತೆ. "ಒಳ್ಳೇ ಸಾಕ್ಷಿ," ಅಂದರು.

ನನಗೆ ಸಾಕ್ಷಿ ಬೇಕಿರಲಿಲ್ಲ. "ವಾಗೀಶಪ್ಪ, ಇವತ್ತು ಇವಳು ಕೆಲಸಕ್ಕೆ ಹೋಗ್ಬೇಕೋ ಬ್ಯಾಡ್ವೋ? ಅದೊಂದು ಹೇಳಿಬುಡಿ."

ಅವರು ಗೋಡೆ ಗಡಿಯಾರ ನೋಡಿದರು. ಹತ್ತೂವರೆ.

"ಇವಳೊಬ್ಬಳಿಗೆ ನಾನು ಹೋಗಬೇಡ ಅಂತ ಹೇಳಿದ್ರೆ, ನನ್ನ ಮನೆಗೆ ಗೊಂಬೆ ಬಿಚ್ಚೋಕೆ ಬರದ ಐವತ್ತೊಂಬತ್ತು ಜನಕ್ಕೆ ಯಾರು ಹೇಳ್ತಾರೆ ದೇವೀರಮ್ಮ?"

ಹಾಗಂದವರು ಎದ್ದು ಫೋನ್ ತಗೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಕಿಟಕಿ ಹಾಕಲಿಲ್ಲ. ಆ ಕಿಟಕಿ ಇರೋದು ಪಾತ್ರೆ ತೊಳೆಯೋ ಕಲ್ಲಿನ ಕಡೆಗೆ. ನನಗೆ ಒಂದೆರಡು ಲೋಟ ತೊಳೆಯೋದಿತ್ತು.

"ಸಿದ್ದಲಿಂಗಸ್ವಾಮಿ ಸಾರ್, ನಮಸ್ಕಾರ. ನಾನು ವಾಗೀಶ, ಆಡಿಟ್ ವಾಗೀಶ. ಹೌದು, ನಮ್ಮ ಮುಖ್ಯಸ್ಥರು ಸಿದ್ದೇಶ್ ಅವರನ್ನ ದಾಟಿಯೇ ನಿಮಗೆ ಮಾಡ್ತಾ ಇದೀನಿ. ನೀವು ಆಡಿಟ್ ಸಮಿತಿ ಅಧ್ಯಕ್ಷರು, ದಾಟಿದ್ರೆ ನಿಮ್ಮ ಹತ್ರ ಮಾತ್ರ ದಾಟಬಹುದು. ಎರಡು ವಿಷಯ ಸಾರ್. ಮೊದಲನೇದು ನನ್ನ ತಪ್ಪು. ಅದನ್ನ ಮೊದಲು ಹೇಳಿಬಿಡ್ತೀನಿ."

ಆಮೇಲೆ ಹೇಳಿದರು. ಕರಡು ಮನೆಯಲ್ಲಿತ್ತು. ಹುಡುಕಿದೆ, ಸಿಗಲಿಲ್ಲ. ಸಿಗದೆ ಇದ್ದರೂ ಎಲ್ಲ ಪ್ರತಿಗಳನ್ನೂ ನಾಶ ಮಾಡಿದೆ ಅಂತ ಬರೆದು ರುಜು ಹಾಕಿದೆ. "ನಡೆಯದೇ ಇರೋ ಅಭ್ಯಾಸಕ್ಕೆ ರುಜು ಹಾಕಿದವರನ್ನ ಹಿಡಿದು ಬರೆದದ್ದು ನಾನೇ ಸಾರ್. ನನ್ನ ಸುಳ್ಳು ರುಜು ಅದೇ ವಾರದ್ದು."

ಆ ಕಡೆಯಿಂದ ಏನೋ ಕೇಳಿದರು ಅನ್ನಿಸುತ್ತೆ.

"ಗೊಂಬೆ ಸಾರ್. ಗೊಂಬೆ. ದಸರಾ ಗೊಂಬೆ. ಸುತ್ತಿ ಇಟ್ಟಿದ್ರು." ಆ ಕಡೆಯಿಂದ ಮತ್ತೇನೋ ಕೇಳಿದರು. "ಶೆಟ್ಟಿ ಗೊಂಬೆಗೆ ಸಾರ್."

ನಾನು ತೊಳೆದ ಲೋಟವನ್ನೇ ಇನ್ನೊಂದು ಸಲ ತೊಳೆದೆ.

ಎರಡನೇ ವಿಷಯ ಬಾಗಿಲಿನದು. ಕರಡಿನಲ್ಲಿ ಬರೆದಿದ್ದ ಬಾಗಿಲಿನ ಮಾತು ಕೊನೇ ವರದಿಯಲ್ಲಿ ಇರಲಿಲ್ಲವಂತೆ. ಫ್ಯಾಕ್ಟರಿ ಮ್ಯಾನೇಜರು ಬಾಗಿಲು ತೆರೆದಿರೋ ಫೋಟೋ ಒಂದನ್ನ ಕಳಿಸಿ ಸರಿ ಮಾಡಿದ್ದೀವಿ ಅಂದರಂತೆ. ಫೋಟೋ ಇದೆಯಲ್ಲ ಸಾಕು, ಆ ಸಾಲು ತೆಗೆಯಿರಿ ಅಂತ ಸಿದ್ದೇಶ್ ಹೇಳಿದರಂತೆ. "ನಾನು ಖುದ್ದಾಗಿ ಹೋಗಿ ನೋಡಬೇಕಿತ್ತು. ಕಾಲು ನೋವು ಅಂತ ಹೋಗಲಿಲ್ಲ. ಅದು ಯಾವ ಬಾಗಿಲಿನ ಫೋಟೋನೋ ನನಗೆ ಗೊತ್ತಿಲ್ಲ. ನಮ್ಮ ಫ್ಯಾಕ್ಟರಿ ಬಾಗಿಲಿಗೆ ಇವತ್ತೂ ಬೀಗ ಇದೆ. ಎರಡು ಗಂಟೆಗೆ ಅರವತ್ತು ಜನ ಒಳಗೆ ಹೋಗ್ತಾರೆ. ನನ್ನ ವಿಷಯ ನಾಳೆ ನೋಡಿ ಸಾರ್, ಬಾಗಿಲು ಇವತ್ತು ನೋಡಿ."

ಹೊರಗೆ ಬಂದು ಹಾಳೆ ಎಣಿಸಿದರು. ಹದಿನೆಂಟು. ಒಂದು ಕಮ್ಮಿ. ಹಿಂದಿನ ವರ್ಷ ಆಗಿದ್ದಿದ್ದರೆ ಎರಡು ದಿನ ಸುಮ್ಮನೆ ಹುಡುಕೋರು. ಈ ಸಲ ಬಾಯಿ ಬಿಟ್ಟು ಕೇಳಿದರು, "ದೇವೀರಮ್ಮ, ಇನ್ನೊಂದನ್ನ ಯಾರಿಗೆ ಸುತ್ತಿದ್ರಿ?"

ಜಂಬೂಸವಾರಿ ಆನೆಯ ಅಂಬಾರಿ ಒಳಗೆ ತುರುಕಿದ್ದು ನೆನಪಾಯ್ತು. ಕಡ್ಡಿ ಹಾಕಿ ಎಳೆದು ಕೊಟ್ಟೆ. ಅಷ್ಟನ್ನೂ ಕವರಿಗೆ ಹಾಕಿ ಅಂಟಿಸಿ, ಆಟೋ ಹಿಡಿದು ಹೋದರು. ರಮಾಮಣಮ್ಮ ತಿಂಡಿ ತಿನ್ನಿ ಅನ್ನೋಷ್ಟರಲ್ಲಿ ಆಟೋ ಮೂಲೆ ತಿರುಗಿತ್ತು.

ವರ್ಷಿಣಿ ಹೊರಟು ನಿಂತಳು. "ಹೋಗಬ್ಯಾಡ ಕಣ್ಣೇ," ಅಂದೆ.

"ಎಲ್ಲಾರೂ ಒಳಗೆ ಹೋಗಿ ನಾನೊಬ್ಳು ಮನೇಲಿ ಗೊಂಬೆ ಜೋಡಿಸ್ತಾ ಕೂತ್ಕೊಳ್ಳಾ ಅಜ್ಜಿ? ಬಾಗಿಲು ತಗ್ದಿಲ್ಲ ಅಂದ್ರೆ ನಾನು ಒಳಗೆ ಕಾಲಿಡಲ್ಲ. ಹೊರಗೆ ನಿಂತ್ಕೊಂಡು ಎಲ್ರಿಗೂ ಅದನ್ನೇ ಹೇಳ್ತೀನಿ. ನಾನು ನೋಡಿದ್ದು ನನ್ನ ಮಾತು ಅಂತ ಸಾರೇ ಹೇಳಿದ್ರಲ್ಲ."

ಹೋದಳು. ನಾನೂ ರಮಾಮಣಮ್ಮನೂ ಗೊಂಬೆ ಜೋಡಿಸಿದೆವು. ಆಯಮ್ಮ ರಾಣಿಯನ್ನ ರಾಜನ ಬಲಗಡೆ ಕೂರಿಸಿದರು, ಆಮೇಲೆ ಎಡಗಡೆ, ಮತ್ತೆ ಬಲಗಡೆ.

"ನನ್ನಿಂದ ಆಯ್ತು ದೇವೀರಮ್ಮ. ರಿಟೈರಾಗೋಕೆ ಒಂದೂಕಾಲು ವರ್ಷ ಇದೆ. ಏನು ಮಾಡ್ತಾರೋ ಏನೋ."

"ಕೆಂಪು ಗೀಟು ಬಿದ್ದಿದ್ದು ರದ್ದಿ ಅಂದ್ರಲ್ಲ, ಅದೇ ಕಣಮ್ಮ ಈ ಮನೇಲಿದ್ದ ಬೆಲೆಬಾಳೋ ವಸ್ತು," ಅಂದೆ. ಸಮಾಧಾನ ಹೇಳೋಕೆ ಹೋಗಿದ್ದು, ಚುಚ್ಚಿದ ಹಾಗಾಯ್ತು. ಆಯಮ್ಮ ನಕ್ಕು, ಸೆರಗಿಂದ ಕಣ್ಣೊರೆಸಿಕೊಂಡು, ಶೆಟ್ಟಿಯ ಮುಂದೆ ಅಕ್ಕಿಬೇಳೆ ಸುರಿದರು.

ಒಂದೂವರೆ ಆಯ್ತು. ಎರಡಾಯ್ತು. ಎರಡೂ ಕಾಲಾಯ್ತು. ಅಷ್ಟು ಹೊತ್ತೂ ರಮಾಮಣಮ್ಮ ಒಂದು ಮಾತಾಡಲಿಲ್ಲ ಅಂದರೆ ನೀವೇ ತಿಳಕೊಳ್ಳಿ. ಎರಡೂ ಇಪ್ಪತ್ತಕ್ಕೆ ನನ್ನ ಫೋನು ಬಡಕೊಂತು. ವರ್ಷಿಣಿ. ಅವಳ ಮಾತು ಕೇಳಿಸೋದೇ ಕಷ್ಟ, ಹಿಂದೆ ಕರಕರ ಸದ್ದು.

"ಬೀಗದ ಕೈ ಸಿಗಲಿಲ್ಲ ಅಜ್ಜಿ. ವಾಚ್‌ಮನ್ ಹತ್ರ ಅಂದ್ರು, ಅವನು ಸ್ಟೋರಲ್ಲಿ ಅಂದ, ಸ್ಟೋರಿನವರು ವಾಚ್‌ಮನ್ ಹತ್ರ ಅಂದ್ರು. ಯಾರೋ ದೊಡ್ಡೋರು ಬಂದವ್ರೆ, ಬೆಳ್ಳಗೆ ಕೂದಲು. ಕತ್ತರಿಸಿ ಅಂದ್ರು. ಕತ್ತರಿಸ್ತಾ ಅವ್ರೆ. ನಾವೆಲ್ಲ ಹೊರಗೇ ನಿಂತಿದೀವಿ."

"ವಾಗೀಶಪ್ಪ?"

"ಅವರೂ ಅವ್ರೆ. ನನ್ನನ್ನ ಗುರುತೇ ಇಲ್ಲದೋರ ಥರ ನೋಡಿದ್ರು."

ಅದನ್ನ ಹೇಳುವಾಗ ಹುಡುಗಿಗೆ ನಗು. ನಾನು ಫೋನನ್ನ ರಮಾಮಣಮ್ಮನವರ ಕಿವಿಗೆ ಹಿಡಿದೆ.

ಆಮೇಲಿನದು ತುಂಡುತುಂಡಾಗಿ ಗೊತ್ತಾಗಿದ್ದು. ಆ ಮ್ಯಾನೇಜರು ದೀಪಾವಳಿ ಹೊತ್ತಿಗೆ ಅಲ್ಲಿರಲಿಲ್ಲ. ಫೋಟೋ ಕ್ಯಾಂಟೀನ್ ಬಾಗಿಲಿನದಂತೆ, ಬಾಗಿಲ ಪಕ್ಕ ಕೈತೊಳೆಯೋ ಬೇಸಿನ್ ಇದ್ದದ್ದನ್ನ ಒಂದು ವರ್ಷ ಯಾರೂ ಗಮನಿಸಿರಲಿಲ್ಲ. ಸಿದ್ದೇಶ್ ಅವರಿಗೆ ಏನಾಯ್ತು ಅಂತ ನನಗೆ ತಿಳಿಯದು. ವಾಗೀಶಪ್ಪನವರಿಗೆ ಒಂದು ಕಾಗದ ಬಂತು. ಸುಳ್ಳು ರುಜು ಹಾಕಿದ್ದಕ್ಕೆ, ಗುಟ್ಟಿನ ಕಾಗದ ಜೋಪಾನ ಮಾಡದೆ ಇದ್ದದ್ದಕ್ಕೆ. ಕೆಲಸ ಹೋಗಲಿಲ್ಲ. ವರದಿ ಬರೆಯೋದು ಹೋಯ್ತು. ಉಳಿದ ಒಂದೂಕಾಲು ವರ್ಷ ಹಳೇ ಕಡತಗಳ ರೂಮಿನಲ್ಲಿ ಕೂರಿಸಿದರು. ಇದು ನನಗೆ ಹೇಗೆ ಗೊತ್ತು ಅಂದರೆ, ಆ ಕಾಗದವನ್ನ ಆಯಪ್ಪ ತಾವೇ ತಂದು ಹೆಂಡತಿಗೆ ಓದಿ ಹೇಳಿದರು, ಊಟದ ಮನೇಲಿ, ನಾನು ಬೀನ್ಸ್ ಹೆಚ್ಚುತ್ತಿರುವಾಗ.

"ಇದು ಗುಟ್ಟಲ್ವೇನ್ರೀ?" ಅಂದರು ರಮಾಮಣಮ್ಮ.

"ಇದು ನನ್ನ ಗುಟ್ಟು. ಇದನ್ನ ಹೇಳಬಹುದು."

"ನ್ಯಾಯ ಅಲ್ಲ ಕಣಪ್ಪ ಇದು," ಅಂದೆ ನಾನು. "ಬಾಗಿಲು ತೆಗೆಸಿದ್ದೇ ನೀವು."

"ಸುಳ್ಳು ರುಜು ಹಾಕಿದ್ದೂ ನಾನೇ ದೇವೀರಮ್ಮ," ಅಂದು, ತಟ್ಟೆಗೆ ಅನ್ನ ಹಾಕಿಸಿಕೊಂಡರು. ಆವತ್ತು ಬೀನ್ಸ್ ಹುಳಿ. ಎರಡು ಸಲ ಹಾಕಿಸಿಕೊಂಡರು, ಚೆನ್ನಾಗಿದೆ ಅಂತ ಮಾತ್ರ ಹೇಳಲಿಲ್ಲ.

ಗೊಂಬೆಗಳನ್ನ ಈಗ ಹಳೇ ಸೀರೆ ಹರಿದು ಸುತ್ತುತ್ತೀವಿ. ಶೆಟ್ಟಿಗೆ ರಮಾಮಣಮ್ಮನವರ ಮೈಸೂರು ಸಿಲ್ಕಿನ ಚೂರು, ಅವನು ಅಷ್ಟು ಮಾಡಿದ್ದಾನೆ.

ಮೊನ್ನೆ ಉದಯಗಿರಿಗೆ ಹೋಗೋದಿತ್ತು. ಸಿಟಿ ಬಸ್ಸಲ್ಲಿ ಕೂತಿದ್ದೆ, ಪಕ್ಕದಲ್ಲಿ ಒಬ್ಬಳು ಬಂದು ಕೂತಳು. ಮೈಯಲ್ಲಿ ಕಾರದಪುಡಿ ಘಾಟು. ನೋಡಿದರೆ ಅವಳೇ, ಆ ಹಾಳೆಯ ಕನ್ನಡದವಳು. ವರ್ಷಿಣಿ ಅಜ್ಜಿ ಅಂತ ನನ್ನ ಗುರುತು ಹಿಡಿದಳು. ಮಕ್ಕಳು ಹೇಗವ್ರೆ ಅಂತ ಕೇಳಿದೆ. ದೊಡ್ಡವಳು ಪಿಯುಸಿ ಅಂತೆ. ಮಾತು ಫ್ಯಾಕ್ಟರಿ ಕಡೆ ತಿರುಗಿತು. ಈಗ ಹಿಂಬಾಗಿಲು ಹಗಲೆಲ್ಲ ಒಳಗಿಂದ ತಳ್ಳಿದರೆ ತೆರೆಯುತ್ತೆ, ಗಾಳಿ ಬರುತ್ತೆ, ಅಲ್ಲೇ ನಿಂತು ಟೀ ಕುಡೀತೀವಿ ಅಂದಳು.

"ಅದೆಂಗೆ ತಗ್ಸಿದ್ರೋ ಗೊತ್ತಿಲ್ಲ ಕಣಮ್ಮೋ. ಅದಕ್ಕೂ ಒಂದು ವರ್ಷ ಮುಂಚೆ ಯಾರೋ ಆಡಿಟ್‌ನೋರು ಬಂದಿದ್ರು, ಅವರ ಹತ್ರ ಏನೋ ಬಾಯಿಬಿಟ್ಟಿದ್ದೆ. ಆಮೇಲೆ ತಿಂಗಳುಗಟ್ಟಲೆ ನಿದ್ದೆ ಇಲ್ಲ, ಆಯಪ್ಪ ಹೋಗಿ ನನ್ನ ಹೆಸರು ಹೇಳ್ಬುಟ್ಟಾನು ಅಂತ. ಏನೂ ಆಗಲಿಲ್ಲ. ಮರೆತೇಬುಟ್ಟಿರ್ಬೇಕು ಆ ಮನುಷ್ಯ. ಆಮೇಲೆ ನವರಾತ್ರಿ ಪಾಡ್ಯದ ದಿನ ಇದ್ದಕ್ಕಿದ್ದಂಗೆ ಸರಪಳಿ ಕತ್ತರಿಸಿದ್ರು. ಚಾಮುಂಡವ್ವನೇ ಕಣ್ಣು ಬಿಟ್ಟಿರ್ಬೇಕು."

ನನ್ನ ನಾಲಗೆ ತುದೀಲಿ ಶೆಟ್ಟಿ ಇದ್ದ, ಅಂಬಾರಿ ಇತ್ತು, ಕುಂಟಿಕೊಂಡು ಮೇಜು ಸುತ್ತಿದ ಮನುಷ್ಯ ಇದ್ದರು. ಎಪ್ಪತ್ತೊಂದು ವರ್ಷದಲ್ಲಿ ಇಷ್ಟು ರುಚಿಯಾದ ಸುದ್ದಿ ನನ್ನ ಬಾಯಲ್ಲಿ ಯಾವತ್ತೂ ಕೂತಿರಲಿಲ್ಲ. ಮುಂದಿನ ಸೀಟಿನಲ್ಲಿ ಅದೇ ಫ್ಯಾಕ್ಟರಿಯ ಇನ್ನಿಬ್ಬರು ಕೂತಿದ್ದರು.

"ಇರಬಹುದು ಕಣವ್ವ," ಅಂದೆ. "ನಿನ್ನ ಎರಡನೇ ಮಗಳು ಏನು ಓದ್ತಾವ್ಳೆ?"